ಎಷ್ಟು ವರ್ಷ ಕೊಡ್ತಾರೆ?

ದೊಡ್ಡಪ್ಪ ಮೈಸೂರಿನ ಸೆಷನ್ಸ್ ಕೋರ್ಟಿನಲ್ಲಿ ವಕೀಲಿಕೆ ಮಾಡಿ ನಿವೃತ್ತರಾದವರು. ತಮ್ಮನ ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನೆಲೆಸಿದ್ದಾಳೆ. ಫೋನಿನಲ್ಲಿ ಎರಡು ಸಲ ನಡೆದ ಮಾತು ಇದು. ಒಂದು, ಜಾರ್ಜ್ ಫ್ಲಾಯ್ಡ್‌ನನ್ನು ಕೊಂದ ಪೊಲೀಸ್ ಡೆರೆಕ್ ಶೋವಿನ್‌ಗೆ ಶಿಕ್ಷೆಯಾಗುವ ಹಿಂದಿನ ದಿನದ್ದು, ಇನ್ನೊಂದು ನಾಲ್ಕು ತಿಂಗಳ ನಂತರದ್ದು.

2021 ಜೂನ್ 24

ಮಗಳು: ನಾಳೆ ಮಧ್ಯಾಹ್ನ ಒಂದೂವರೆಗೆ ದೊಡ್ಡಪ್ಪ. ನಿಮಗಾಗ ನಡುರಾತ್ರಿ. ಎದ್ದಿರ್ತೀರಾ?

ದೊಡ್ಡಪ್ಪ: ನಾನ್ಯಾಕೆ ನಿದ್ದೆಗೆಡಲಿ? ಅವನು ಮಾಡಿದ್ದು ಕೊಲೆ ಅಂತ ಏಪ್ರಿಲ್ 20ಕ್ಕೇ ತೀರ್ಮಾನ ಆಯ್ತಲ್ಲ. ಹನ್ನೆರಡು ಜನ ಜ್ಯೂರಿ ಮೂರು ಆರೋಪಕ್ಕೂ ಅಪರಾಧಿ ಅಂದ್ರು. ಡೆರೆಕ್ ಶೋವಿನ್ ಕೋಳ ಹಾಕಿಸ್ಕೊಂಡು ಜೈಲಿಗೆ ಹೋದ. ಇನ್ನು ಉಳಿದಿರೋದು ಬರೀ ಲೆಕ್ಕ.

ಮಗಳು: ಆ ಲೆಕ್ಕಕ್ಕೇ ಇಡೀ ಊರು ಕಾಯ್ತಿರೋದು. ಆಫೀಸಲ್ಲಿ ಮೀಟಿಂಗ್ ಶುರುವಾಗೋಕೆ ಮುಂಚೆ ಎಲ್ಲರ ಬಾಯಲ್ಲೂ ಅದೇ: ಎಷ್ಟು ವರ್ಷ ಕೊಡ್ತಾರೆ? ಒಬ್ಬರು 40 ಅಂತಾರೆ, ಇನ್ನೊಬ್ಬರು 12 ದಾಟೋದಿಲ್ಲ ಅಂತಾರೆ. ಏಪ್ರಿಲಲ್ಲಿ ನೀವು ಇಲ್ಲಿ ಇರ್ಬೇಕಿತ್ತು. ಅಂಗಡಿ ಗಾಜಿಗೆಲ್ಲ ಪ್ಲೈವುಡ್ ಹೊಡೆದಿದ್ರು, ನ್ಯಾಷನಲ್ ಗಾರ್ಡ್ ಸೈನಿಕರು ಬೀದಿಯಲ್ಲಿ ನಿಂತಿದ್ರು. ತೀರ್ಪು ಓದುವಾಗ ಟೀವಿಯಲ್ಲಿ ಶೋವಿನ್‌ನ ಮಾಸ್ಕಿನ ಮೇಲೆ ಕಣ್ಣೆರಡೇ ಕಾಣ್ತಿತ್ತು. ಜಡ್ಜ್ ಒಂದೊಂದು ಆರೋಪ ಓದಿದಾಗಲೂ ಆ ಕಣ್ಣು ಆ ಕಡೆ ಈ ಕಡೆ ಓಡ್ತಿತ್ತು. ಹೊರಗೆ ಜನ ಅತ್ತರು, ತಬ್ಬಿಕೊಂಡ್ರು. ಮಾರನೇ ದಿನದಿಂದ್ಲೇ ಈ ಪ್ರಶ್ನೆ ಶುರುವಾಯ್ತು.

ದೊಡ್ಡಪ್ಪ: ನಮ್ಮಲ್ಲಿ 302 ಸಾಬೀತಾದ್ರೆ ಈ ಪ್ರಶ್ನೆಗೆ ಜಾಗವೇ ಇಲ್ಲ ಕಣಮ್ಮ. ಜೀವಾವಧಿ, ಇಲ್ಲಾ ಗಲ್ಲು. ಅದಕ್ಕಿಂತ ಕೆಳಗೆ ಇಳಿಯೋ ಅಧಿಕಾರ ಜಡ್ಜ್‌ಗೆ ಇಲ್ಲ. ಶಿಕ್ಷೆ ಬಗ್ಗೆ ವಾದ ಕೇಳೋದೂ ಎಷ್ಟೋ ಸಲ ಅವತ್ತೇ ಮುಗಿದುಹೋಗುತ್ತೆ. ನಿಮ್ಮಲ್ಲಿ ಎರಡು ತಿಂಗಳು ಎಳೀತಾರೆ. ಸಂಖ್ಯೆಯ ಗೀಳು ಹಿಡೀದೆ ಇರುತ್ತಾ? ಅದಿರ್ಲಿ, ಈ 40 ಎಲ್ಲಿಂದ ಬಂತು?

ಮಗಳು: ಎರಡನೇ ದರ್ಜೆಯ ಕೊಲೆಗೆ ಗರಿಷ್ಠ ಶಿಕ್ಷೆ ಅಷ್ಟಂತೆ. ಮೂರನೇ ದರ್ಜೆಗೆ 25, ನರಹತ್ಯೆಗೆ 10. ಎಲ್ಲ ಕೂಡಿಸಿ 75 ಅನ್ನೋರೂ ಇದ್ದಾರೆ.

ದೊಡ್ಡಪ್ಪ: ಕೂಡಿಸೋ ಹಾಗಿಲ್ಲ. ಸತ್ತದ್ದು ಒಬ್ಬ, ಕೃತ್ಯ ಒಂದು. ಹಾಗಾಗಿ ಎಲ್ಲಕ್ಕಿಂತ ದೊಡ್ಡ ಆರೋಪಕ್ಕೆ ಮಾತ್ರ ಶಿಕ್ಷೆ. ಅದರಲ್ಲೂ 40 ಅನ್ನೋದು ಕಾನೂನು ಪುಸ್ತಕದ ಗರಿಷ್ಠ ಮಿತಿ. ಜಡ್ಜ್ ಪೀಟರ್ ಕೇಹಿಲ್ ಮೇಜಿನ ಮೇಲೆ ಇರೋದು ಬೇರೆಯದೇ ಕಾಗದ, ಮಿನ್ನೆಸೋಟ ರಾಜ್ಯದ ಶಿಕ್ಷೆಯ ಕೋಷ್ಟಕ. ನಾನೂ ತೆಗೆದು ನೋಡಿದೆ. ಒಂದು ಬದಿಯಲ್ಲಿ ಅಪರಾಧಗಳ ತೀವ್ರತೆ, ಮೇಲ್ಗಡೆ ಹಿಂದಿನ ಅಪರಾಧಗಳ ಅಂಕ. ಕೊಲ್ಲೋ ಉದ್ದೇಶವಿಲ್ಲದ ಎರಡನೇ ದರ್ಜೆ ಕೊಲೆಯ ಸಾಲು, ಹಿಂದಿನ ಅಪರಾಧ ಸೊನ್ನೆ ಅನ್ನೋ ಕಾಲಂ. ಎರಡೂ ಸೇರೋ ಚೌಕದಲ್ಲಿ ಬರೆದಿರೋದು 150 ತಿಂಗಳು. ಅಂದ್ರೆ ಹನ್ನೆರಡೂವರೆ ವರ್ಷ. ಬೇಕಾದ್ರೆ 128ಕ್ಕೆ ಇಳೀಬಹುದು, 180ಕ್ಕೆ ಏರಬಹುದು. ಅದರಾಚೆ ಹೋಗ್ಬೇಕು ಅಂದ್ರೆ ಬಲವಾದ ಕಾರಣ ಬರೀಬೇಕು.

ಮಗಳು: ಒಬ್ಬ ಮನುಷ್ಯನ ಕುತ್ತಿಗೆ ಮೇಲೆ 9 ನಿಮಿಷ 29 ಸೆಕೆಂಡ್ ಮಂಡಿ ಊರಿದವನಿಗೆ ಕೋಷ್ಟಕವಾ?

ದೊಡ್ಡಪ್ಪ: ಹೌದು, ಅವನಿಗೂ ಕೋಷ್ಟಕವೇ. ಇದನ್ನ ಯಾಕೆ ಮಾಡಿದ್ರು ಗೊತ್ತಾ? 1980ರಲ್ಲಿ ಮಿನ್ನೆಸೋಟ ಇದನ್ನ ಜಾರಿಗೆ ತಂತು. ಆಯೋಗ ಮಾಡಿ ಇಂಥ ವ್ಯವಸ್ಥೆ ತಂದ ರಾಜ್ಯಗಳಲ್ಲಿ ಅದೇ ಮೊದಲು. ಒಂದೇ ಅಪರಾಧಕ್ಕೆ ಈ ಜಡ್ಜ್ ಎರಡು ವರ್ಷ, ಆ ಜಡ್ಜ್ ಹತ್ತು ವರ್ಷ ಕೊಡಬಾರದು. ಆರೋಪಿಯ ಬಣ್ಣ, ಕೆಲಸ, ಅಂತಸ್ತು ನೋಡಿ ಶಿಕ್ಷೆ ಹೆಚ್ಚುಕಡಿಮೆ ಆಗಬಾರದು ಅಂತ. ಖಾಕಿ ಹಾಕಿದವನು ಕಾನೂನಿಗಿಂತ ಮೇಲಲ್ಲ ಅಂತ ತಾನೇ ನೀವು ವರ್ಷಪೂರ್ತಿ ಬೀದಿಯಲ್ಲಿ ಕೂಗಿದ್ದು? ಮೇಲಲ್ಲ ಅಂದ್ಮೇಲೆ ಕೆಳಗೂ ಅಲ್ಲ.

ಮಗಳು: ಇಲ್ಲಿ ಅವರ ಸಮವಸ್ತ್ರ ಖಾಕಿ ಅಲ್ಲ ದೊಡ್ಡಪ್ಪ, ನೀಲಿ. ನಿಮ್ಮ ಮಾತು ತರ್ಕಕ್ಕೆ ಸರಿ, ಚರಿತ್ರೆಗೆ ಸರಿಯಿಲ್ಲ. ಷಿಕಾಗೋದಲ್ಲಿ ಜೇಸನ್ ವ್ಯಾನ್ ಡೈಕ್ ಅನ್ನೋ ಪೊಲೀಸ್ 2014ರಲ್ಲಿ ಹದಿನೇಳು ವರ್ಷದ ಹುಡುಗನಿಗೆ ಹದಿನಾರು ಗುಂಡು ಹೊಡೆದ. ಅಪರಾಧ ಸಾಬೀತಾಯ್ತು, 2019ರಲ್ಲಿ ಕೊಟ್ಟಿದ್ದು ಆರು ವರ್ಷ ಒಂಬತ್ತು ತಿಂಗಳು. ಡಾಲಸ್‌ನಲ್ಲಿ ಆಂಬರ್ ಗೈಗರ್ ಬೇರೆಯವನ ಮನೆಗೆ ನುಗ್ಗಿ, ಅದು ತನ್ನ ಮನೆ ಅಂದ್ಕೊಂಡೆ ಅಂತ ಹೇಳಿ, ಒಳಗೆ ಕೂತಿದ್ದ ಬೋಥಮ್ ಜೀನ್‌ನ ಕೊಂದಳು. ಅವಳಿಗೆ ಹತ್ತು. ಜನ ಕಾಯ್ತಿರೋದು ಹಗೆಯಿಂದ ಅಲ್ಲ. ‘ಅಪರಾಧಿ’ ಅಂತ ಮುಂದಿನ ಬಾಗಿಲಲ್ಲಿ ಕೊಟ್ಟದ್ದನ್ನ ಶಿಕ್ಷೆ ಅನ್ನೋ ಹಿಂದಿನ ಬಾಗಿಲಲ್ಲಿ ವಾಪಸ್ ತಗೊಂಡದ್ದನ್ನ ನೋಡಿದ್ದಾರೆ. ಅದಕ್ಕೇ ಆ ಬಾಗಿಲು ಕಾಯ್ತಿದ್ದಾರೆ.

ದೊಡ್ಡಪ್ಪ: ಇದೇ ನಿಮ್ಮ ಊರಲ್ಲೇ ಒಬ್ಬನಿಗೆ ಹನ್ನೆರಡೂವರೆ ಕೊಟ್ಟಿದ್ರಲ್ಲ?

ಮಗಳು: ಮೊಹಮದ್ ನೂರ್. 2017ರಲ್ಲಿ ಜಸ್ಟೀನ್ ಡೇಮಂಡ್ ಅನ್ನೋ ಹೆಂಗಸು, ಮನೆ ಹಿಂದಿನ ಓಣಿಯಲ್ಲಿ ಯಾರ ಮೇಲೋ ಅತ್ಯಾಚಾರ ಆಗ್ತಿರ್ಬಹುದು ಅಂತ ತಾನೇ ಪೊಲೀಸರಿಗೆ ಫೋನ್ ಮಾಡಿದ್ದಳು. ಬಂದ ಕಾರಿನ ಹತ್ತಿರ ಹೋದಾಗ ಒಳಗಿಂದ್ಲೇ ಗುಂಡು ಹೊಡೆದ. ನೂರ್ ಸೊಮಾಲಿ ಮೂಲದವನು, ಕರಿಯ. ಸತ್ತವಳು ಬಿಳಿಯ ಹೆಂಗಸು. ಅವನಿಗೆ ಕೋಷ್ಟಕದ ಪ್ರಕಾರ ಹನ್ನೆರಡೂವರೆ. ಈಗ ಬಿಳಿಯ ಪೊಲೀಸ್, ಸತ್ತವನು ಕರಿಯ. ಇವನಿಗೂ ಅಷ್ಟಾದ್ರೂ ಬರುತ್ತಾ ಅಂತ ಸೊಮಾಲಿಗಳು ಕೇಳ್ತಿದ್ದಾರೆ. ಏನು ಉತ್ತರ ಕೊಡ್ಲಿ?

ದೊಡ್ಡಪ್ಪ: ಅದಕ್ಕಿಂತ ಜಾಸ್ತಿ ಬರುತ್ತೆ ಅಂತ ಹೇಳು.

ಮಗಳು: ಅದು ಹೇಗೆ ಅಷ್ಟು ಖಚಿತವಾಗಿ ಹೇಳ್ತೀರಿ?

ದೊಡ್ಡಪ್ಪ: ಮೇ ತಿಂಗಳ ಆದೇಶ ಓದಿದೆಯಾ? ಓದಿರಲ್ಲ, ಯಾರೂ ಓದಿರಲ್ಲ. ಕೋಷ್ಟಕದ ಮೇಲಕ್ಕೆ ಹೋಗೋಕೆ ಕಾರಣಗಳು ಬೇಕು, ಆ ಕಾರಣಗಳನ್ನ ಜ್ಯೂರಿಯೇ ಸಾಬೀತು ಅನ್ನಬೇಕು ಅಂತ 2004ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬ್ಲೇಕ್ಲಿ ಕೇಸಲ್ಲಿ ಹೇಳಿದೆ. ಶೋವಿನ್ ಆ ಹಕ್ಕು ಬಿಟ್ಟುಕೊಟ್ಟು, ಜಡ್ಜೇ ತೀರ್ಮಾನಿಸಲಿ ಅಂದ. ಸರ್ಕಾರ ಐದು ಕಾರಣ ಮುಂದಿಟ್ಟಿತ್ತು, ಕೇಹಿಲ್ ನಾಲ್ಕನ್ನ ಒಪ್ಪಿದ್ರು. ನಂಬಿಕೆಯ ಹುದ್ದೆ, ಅಧಿಕಾರ ದುರುಪಯೋಗ ಮಾಡ್ಕೊಂಡ ಅನ್ನೋದು ಒಂದು. ವಿಶೇಷ ಕ್ರೌರ್ಯ ಎರಡು. ಮಕ್ಕಳು ನೋಡ್ತಿದ್ರು, ಮೂರು. ಗುಂಪಾಗಿ ಸೇರಿ ಮಾಡಿದ, ನಾಲ್ಕು. ಫ್ಲಾಯ್ಡ್ ವಿಶೇಷವಾಗಿ ದುರ್ಬಲ ಸ್ಥಿತಿಯಲ್ಲಿದ್ದ ಅನ್ನೋ ಐದನೆಯದನ್ನ ಒಪ್ಪಲಿಲ್ಲ. ಸಂಖ್ಯೆಯ ಅರ್ಧ ಭಾಗ ಅವತ್ತೇ ತೀರ್ಮಾನ ಆಯ್ತು. ಅವತ್ತು ನಿಮ್ಮ ಊರಲ್ಲಿ ಯಾವ ಪ್ಲೈವುಡ್ಡೂ ಇರಲಿಲ್ಲ, ಟೀವಿಯೂ ಹೆಚ್ಚು ಹೊತ್ತು ತೋರಿಸಲಿಲ್ಲ.

ಮಗಳು: ಮಕ್ಕಳು ನೋಡ್ತಿದ್ರು ಅನ್ನೋದಕ್ಕೂ ವರ್ಷ ಸೇರುತ್ತಾ?

ದೊಡ್ಡಪ್ಪ: ಸೇರಬಹುದು. ಸರ್ಕಾರ 30 ಕೇಳಿದೆ, 180 ತಿಂಗಳ ದುಪ್ಪಟ್ಟು. ಆರೋಪಿ ಪರ ವಕೀಲ ಎರಿಕ್ ನೆಲ್ಸನ್ ಪ್ರೊಬೇಷನ್ ಕೇಳಿದ್ದಾರೆ. ಇಲ್ಲೀ ತನಕ ಜೈಲಲ್ಲಿದ್ದದ್ದೇ ಸಾಕು ಅಂತ.

ಮಗಳು: ಪ್ರೊಬೇಷನ್! ನಾಚಿಕೆ ಆಗಲ್ವಾ?

ದೊಡ್ಡಪ್ಪ: ಕೇಳೋದು ವಕೀಲನ ಕೆಲಸ, ನಾಚಿಕೆ ಯಾಕೆ? ನನಗೆ ಭಯ ಇರೋದು ನಿಮ್ಮ ಗುಂಪಿನ ಬಗ್ಗೆ. ಹೊರಗೆ ನಿಂತವರು ನ್ಯಾಯದ ಪರ ಇದ್ದಾರೆ, ಒಪ್ಪಿದೆ. ಆದ್ರೆ 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನೋ ಹದಿನಾಲ್ಕು ವರ್ಷದ ಕರಿಯ ಹುಡುಗನ್ನ ಕೊಂದವರ ವಿಚಾರಣೆ ನಡೆದಾಗಲೂ ಊರ ಮಂದಿ ಕಾದಿದ್ರು. ಬರೀ ಬಿಳಿಯರೇ ಇದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಖುಲಾಸೆ ಮಾಡ್ತು. ಆ ಜ್ಯೂರಿಯೂ ಹೊರಗಿನ ಜನರ ಮನಸ್ಸು ಬಲ್ಲವರೇ. ಈ ಗುಂಪಿನ ಮಾತಿಗೆ ಕಿವಿಗೊಡುವ ಜಡ್ಜ್ ನಾಳೆ ಆ ಗುಂಪಿಗೂ ಕಿವಿಗೊಡ್ತಾನೆ.

ಮಗಳು: ಹಾಗಾದ್ರೆ ಇನ್ನೊಂದು ಕಾಗದದ ವಿಷಯ ಹೇಳ್ತೀನಿ. ಹೋದ ವರ್ಷ ಫ್ಲಾಯ್ಡ್ ಸತ್ತ ಮೇ 25ರ ರಾತ್ರಿ ಇಲ್ಲಿನ ಪೊಲೀಸರು ಪತ್ರಿಕಾ ಪ್ರಕಟಣೆ ಕೊಟ್ರು. ಪೊಲೀಸರು ಹಿಡಿಯೋಕೆ ಹೋದಾಗ ಒಬ್ಬ ಆರೋಗ್ಯ ಕೆಟ್ಟು ಸತ್ತ, ಅನ್ನೋದು ಅದರ ತಾತ್ಪರ್ಯ. ಮಂಡಿಯ ಮಾತೇ ಇಲ್ಲ. ಡಾರ್ನೆಲಾ ಫ್ರೇಜಿಯರ್ ಅನ್ನೋ ಹದಿನೇಳರ ಹುಡುಗಿ ಒಂಬತ್ತು ವರ್ಷದ ಕಸಿನ್ ಜೊತೆ ಅಂಗಡಿಗೆ ಬಂದವಳು ಫೋನ್ ಎತ್ತಿ ಹಿಡಿದಿದ್ದಳು. ಆ ವಿಡಿಯೋ ಹರಡಿತು, ಜನ ಬೀದಿಗಿಳಿದ್ರು. ನಾಲ್ಕನೇ ದಿನ ಶೋವಿನ್ ಮೇಲೆ ಮೂರನೇ ದರ್ಜೆಯ ಕೊಲೆ ಆರೋಪ ಹಾಕಿದ್ರು. ಆಮೇಲೆ ರಾಜ್ಯದ ಅಟಾರ್ನಿ ಜನರಲ್ ಕೀತ್ ಎಲಿಸನ್ ಕೈಗೆ ಕೇಸು ಹೋಯ್ತು, ಜೂನ್ 3ಕ್ಕೆ ಎರಡನೇ ದರ್ಜೆ ಸೇರಿತು. ಗುಂಪಿಲ್ಲದಿದ್ರೆ ನಿಮ್ಮ ಕೋಷ್ಟಕ ತೆರೆಯೋ ಪ್ರಸಂಗವೇ ಬರ್ತಿರಲಿಲ್ಲ.

ದೊಡ್ಡಪ್ಪ: ಅದನ್ನ ಅಲ್ಲಗಳೆಯಲ್ಲ. ಕೇಸು ಕೋರ್ಟಿನ ಮೆಟ್ಟಿಲು ಹತ್ತೋ ತನಕ ಜನ ಬೇಕು. ಮೆಟ್ಟಿಲು ಹತ್ತಿದ ಮೇಲೆ ಸಾಕ್ಷ್ಯ ಮಾತಾಡ್ಬೇಕು.

ಮಗಳು: ಸಾಕ್ಷ್ಯ ಅಂದ್ರೆ ಯಾರು? ಆ ಫುಟ್‌ಪಾತಿನಲ್ಲಿ ನಿಂತಿದ್ದವರೇ. ಡ್ಯೂಟಿ ಇಲ್ಲದ ದಿನ ಅಲ್ಲಿ ಹಾದುಹೋಗ್ತಿದ್ದ ಅಗ್ನಿಶಾಮಕ ದಳದ ಹೆಣ್ಣುಮಗಳು, ನಾಡಿ ನೋಡಿ ಅಂತ ಗೋಗರೆದವಳು. ಫ್ಲಾಯ್ಡ್ ಕೊಟ್ಟ ಇಪ್ಪತ್ತು ಡಾಲರ್ ನೋಟು ಖೋಟಾ ಇರ್ಬಹುದು ಅಂತ ಹೇಳಿದ ಹತ್ತೊಂಬತ್ತರ ಕ್ಯಾಷಿಯರ್, ಆ ನೋಟು ನಾನು ತಗೊಳ್ಳದೆ ಇದ್ದಿದ್ರೆ ಇದು ತಪ್ಪುತ್ತಿತ್ತು ಅಂತ ಕೋರ್ಟಲ್ಲಿ ನೊಂದುಕೊಂಡವನು. ಆ ಒಂಬತ್ತರ ಪುಟ್ಟಿಯೂ ಬಂದು ಹೇಳಿದಳು. ಹೊರಗಿನ ಗುಂಪೇ ಒಳಗೆ ಬಂದು ಪ್ರಮಾಣ ಮಾಡಿದ್ದು ದೊಡ್ಡಪ್ಪ. ನೀವು ಗೆರೆ ಎಳೆದಷ್ಟು ಸಲೀಸಾಗಿ ಇಲ್ಲ ಅದು.

2021 ಅಕ್ಟೋಬರ್ ಕೊನೆ

ದೊಡ್ಡಪ್ಪ: ಇಪ್ಪತ್ತೆರಡೂವರೆ. ನಿನ್ನ ಆಫೀಸಲ್ಲಿ ಗೆದ್ದದ್ದು ಯಾರು?

ಮಗಳು: ಯಾರೂ ಇಲ್ಲ. 270 ತಿಂಗಳು ಅಂತ ಜಡ್ಜ್ ಹೇಳಿದಾಗ ಮೊದಲು ಯಾರಿಗೂ ಅರ್ಥವೇ ಆಗಲಿಲ್ಲ, ಎಲ್ಲರೂ ಹನ್ನೆರಡರಿಂದ ಭಾಗಿಸ್ತಾ ಕೂತ್ರು. ಕೆಲವರಿಗೆ ಸಮಾಧಾನ, ಕೆಲವರಿಗೆ ಸಾಲದು. ಫ್ಲಾಯ್ಡ್‌ನ ಏಳು ವರ್ಷದ ಮಗಳ ಮಾತನ್ನ ವಿಡಿಯೋದಲ್ಲಿ ತೋರಿಸಿದ್ರು, ತಮ್ಮಂದಿರು ಮಾತಾಡಿದ್ರು. ಆಮೇಲೆ ಶೋವಿನ್ ತಾಯಿ ಎದ್ದು ನಿಂತು, ನನ್ನ ಮಗ ಒಳ್ಳೆಯವನು ಅಂದಳು. ಅವಳು ಮಾತಾಡ್ತಾಳೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ.

ದೊಡ್ಡಪ್ಪ: ಕೇಹಿಲ್ ಹೆಚ್ಚು ಮಾತಾಡಲಿಲ್ಲ, ಅದು ನನಗೆ ಹಿಡಿಸ್ತು. ಜನಾಭಿಪ್ರಾಯ ನೋಡಿ ಕೊಟ್ಟ ಶಿಕ್ಷೆ ಅಲ್ಲ, ಯಾರಿಗೂ ಸಂದೇಶ ಕಳಿಸೋಕೆ ಕೊಟ್ಟದ್ದೂ ಅಲ್ಲ ಅಂತ ಹೇಳಿ, ಮಿಕ್ಕಿದ್ದನ್ನ ಇಪ್ಪತ್ತೆರಡು ಪುಟದ ಟಿಪ್ಪಣಿಯಲ್ಲಿ ಬರೆದಿದ್ದೀನಿ ಅಂದ್ರು. ಜೈಲಲ್ಲಿ ಆಗಲೇ ಕಳೆದ 199 ದಿನ ಅದರಲ್ಲಿ ವಜಾ. ನಿಮ್ಮ ರಾಜ್ಯದ ನಿಯಮದಂತೆ ಮೂರರಲ್ಲಿ ಎರಡು ಪಾಲು ಒಳಗೆ, ಒಂದು ಪಾಲು ಹೊರಗೆ ನಿಗಾದಲ್ಲಿ. ಸುಮಾರು ಹದಿನೈದು ವರ್ಷ ಸೆರೆ.

ಮಗಳು: ಆ ಇಪ್ಪತ್ತೆರಡು ಪುಟ ನಾನೂ ಓದಿದೆ. ನೀವು ಜೂನಲ್ಲಿ ಎಣಿಸಿ ಹೇಳಿದ ನಾಲ್ಕು ಕಾರಣ ಹುಡುಕಿದೆ. ಎರಡೇ ಉಳಿದಿವೆ. ಅಧಿಕಾರ ದುರುಪಯೋಗ, ಕ್ರೌರ್ಯ. ಅವೆರಡಕ್ಕೇ ಹನ್ನೆರಡೂವರೆ ಮೇಲೆ ಹತ್ತು ವರ್ಷ ಸೇರಿಸಿದ್ದಾರೆ. ಮಕ್ಕಳು ನೋಡ್ತಿದ್ರು ಅನ್ನೋದನ್ನ ಕೈಬಿಟ್ಟಿದ್ದಾರೆ.

ದೊಡ್ಡಪ್ಪ: ಕೈಬಿಟ್ಟರೆ ತಪ್ಪೇನು? ಎರಡೇ ಕಾರಣ ಸಾಕಾದಾಗ ಮೂರನೆಯದು ಅಪೀಲಿನಲ್ಲಿ ತೊಡಕು. ಗುಂಪಿನ ಕಾರಣವನ್ನೂ ಬಿಟ್ಟಿದ್ದಾರೆ ನೋಡು, ಜೊತೆಗಿದ್ದ ಮಿಕ್ಕ ಮೂವರು ಪೊಲೀಸರ ವಿಚಾರಣೆ ಇನ್ನೂ ಬಾಕಿ ಇದೆಯಲ್ಲ.

ಮಗಳು: ಬಿಟ್ಟದ್ದಕ್ಕಲ್ಲ ನನ್ನ ತಕರಾರು. ಯಾಕೆ ಬಿಟ್ಟೆ ಅಂತ ಬರೆದಿರೋದಕ್ಕೆ. ಆ ಹೆಣ್ಣುಮಕ್ಕಳಿಗೆ ಆಘಾತ ಆದ ಲಕ್ಷಣ ಕಾಣಲಿಲ್ಲ, ಆಗ ಅವರು ನಗ್ತಿದ್ದದ್ದೂ ವಿಡಿಯೋದಲ್ಲಿದೆ ಅಂತ. ಕಣ್ಣೀರು ಹಾಕ್ತಾ ಕೋರ್ಟಲ್ಲಿ ಹೇಳಿದ ಹುಡುಗಿಯರು! ಡಾರ್ನೆಲಾ ಎಷ್ಟೋ ರಾತ್ರಿ ಎಚ್ಚರ ಇದ್ದು, ನಾನು ಇನ್ನೂ ಹೆಚ್ಚೇನೂ ಮಾಡಲಿಲ್ಲವಲ್ಲ ಅಂತ ಫ್ಲಾಯ್ಡ್ ಹತ್ತಿರ ಕ್ಷಮೆ ಕೇಳ್ತಿದ್ದೆ ಅಂತ ಹೇಳಿದಳು. ಜುಲೈಯಲ್ಲಿ ಎಲಿಸನ್ ಪತ್ರ ಬರೆದ್ರು: ಶಿಕ್ಷೆ ಬದಲಾಯಿಸೋದು ಬೇಡ, ಆ ಸಾಲುಗಳನ್ನ ಮಾತ್ರ ತಿದ್ದಿ, ಕರಿಯ ಹೆಣ್ಣುಮಕ್ಕಳನ್ನ ದೊಡ್ಡವರಂತೆ ಕಾಣೋ ಚಾಳಿ ಇದರಲ್ಲಿ ಬೇಡ ಅಂತ. ಕೇಹಿಲ್ ಒಪ್ಪಲಿಲ್ಲ.

ದೊಡ್ಡಪ್ಪ: ಅಲ್ಲಿ ನಿನ್ನ ಮಾತು ಒಪ್ತೀನಿ. ನಾನು ನಡೆಸಿದ ಒಂದು ಕೇಸಲ್ಲಿ ಎಂಟು ವರ್ಷದ ಹುಡುಗ ಕಟಕಟೆ ಹತ್ತಿ, ಅಪ್ಪನಿಗೆ ಮಚ್ಚಿನೇಟು ಬಿದ್ದದ್ದನ್ನ ಹೇಳ್ತಾ ನಗ್ತಿದ್ದ. ಎದುರು ವಕೀಲರು ಪಾಟೀ ಸವಾಲಿನಲ್ಲಿ ಅದನ್ನೇ ಹಿಡ್ಕೊಂಡ್ರು: ನಗ್ತಿದ್ದಾನೆ ನೋಡಿ, ಹೇಳಿಕೊಟ್ಟ ಸಾಕ್ಷಿ. ಆ ಹುಡುಗನ ಎಡಗೈ ಕಟಕಟೆಯ ಕಂಬಿಯನ್ನ ಎಷ್ಟು ಬಿಗಿಯಾಗಿ ಹಿಡಿದಿತ್ತು ಅಂದ್ರೆ, ಇಳಿಸೋವಾಗ ದಫೇದಾರ ಒಂದೊಂದೇ ಬೆರಳು ಬಿಡಿಸಬೇಕಾಯ್ತು. ಜಡ್ಜ್ ಬರ್ಕೊಂಡದ್ದು ಅವನ ಮಾತನ್ನ. ಬೆರಳಿನ ವಿಷಯ ಯಾವ ದಾಖಲೆಯಲ್ಲೂ ಇಲ್ಲ. ಮಕ್ಕಳಿಗೆ ಏನಾಯ್ತು ಅನ್ನೋದು ನಮಗೆ ಗೊತ್ತಾಗೋ ಭಾಷೆಯಲ್ಲೇ ಅವರು ಹೇಳಲ್ಲ. ಆ ಸಾಲು ಬರೆಯೋ ಅಗತ್ಯ ಕೇಹಿಲ್‌ಗೆ ಇರಲಿಲ್ಲ.

ಮಗಳು: ಜೂನ್ 11ಕ್ಕೆ ಪುಲಿಟ್ಜರ್ ಸಮಿತಿ ಆ ವಿಡಿಯೋ ತೆಗೆದದ್ದಕ್ಕೆ ಡಾರ್ನೆಲಾಗೆ ವಿಶೇಷ ಗೌರವ ಕೊಡ್ತು. ಎರಡು ವಾರ ಕಳೆದು ಕೋರ್ಟಿನ ಕಾಗದದಲ್ಲಿ ಅವಳು ಆಘಾತದ ಲಕ್ಷಣ ಕಾಣದವರಲ್ಲಿ ಒಬ್ಬಳು. ಇಡೀ ಊರು 22.5 ಅನ್ನೋ ಅಂಕಿ ಹಿಡ್ಕೊಂಡು ಮನೆಗೆ ಹೋಗಿತ್ತು. ಈ ಸಾಲು ಓದಿ ಬೇಜಾರಾದವರು ಎಷ್ಟು ಜನ ಇದ್ದಾರು?

ದೊಡ್ಡಪ್ಪ: ಈಗ ನೂರ್ ವಿಷಯ ಹೇಳು. ಅವನದ್ದೂ ತಿರುಗುಮುರುಗಾಯ್ತಲ್ಲ?

ಮಗಳು: ಹೌದು. ಸೆಪ್ಟೆಂಬರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅವನ ಮೇಲಿನ ಮೂರನೇ ದರ್ಜೆ ಕೊಲೆ ತೀರ್ಪನ್ನೇ ರದ್ದು ಮಾಡ್ತು. ಒಬ್ಬನೇ ವ್ಯಕ್ತಿಯ ಕಡೆ ಗುರಿ ಇಟ್ಟ ಕೃತ್ಯಕ್ಕೆ ಆ ಕಲಂ ಅನ್ವಯಿಸಲ್ಲವಂತೆ. ಮೊನ್ನೆ 21ರಂದು ನರಹತ್ಯೆಗೆ ಮಾತ್ರ ಹೊಸ ಶಿಕ್ಷೆ, 57 ತಿಂಗಳು. ಹನ್ನೆರಡೂವರೆ ವರ್ಷ ಹೋಗಿ ಐದು ವರ್ಷಕ್ಕೂ ಕಡಿಮೆ ಆಯ್ತು.

ದೊಡ್ಡಪ್ಪ: ಅವತ್ತು ಎಷ್ಟು ಜನ ಕಾದಿದ್ರು?

ಮಗಳು: ನಾನಂತೂ ಕಾದಿರಲಿಲ್ಲ. ಕಾರಲ್ಲಿ ರೇಡಿಯೋದಲ್ಲಿ ಕೇಳಿದೆ. ಪಾಪ, ಪೊಲೀಸರನ್ನ ಕರೆದವಳೇ ಪೊಲೀಸ್ ಗುಂಡಿಗೆ ಸತ್ತಳು, ಅವಳ ಕೇಸಿನ ಅಂಕಿ ಬದಲಾದಾಗ ನಾನು ಮುಂದಿನ ಸಿಗ್ನಲ್ ನೋಡ್ತಿದ್ದೆ. ಆಫೀಸಲ್ಲೂ ಯಾರೂ ಎತ್ತಲಿಲ್ಲ.

ದೊಡ್ಡಪ್ಪ: ನಾನು ಜೂನಲ್ಲಿ ಹೇಳೋಕೆ ಹೊರಟಿದ್ದು ಇದನ್ನೇ ಕಣಮ್ಮ, ಆದ್ರೆ ಗುಂಪನ್ನ ಬೈಯೋ ಭರದಲ್ಲಿ ಬೇರೆ ಕಡೆ ಹೋದೆ. ಜನ ಕಾಯೋದು ಬೇಡ ಅಲ್ಲ. ಎಲ್ಲರೂ ಒಂದೇ ಮಧ್ಯಾಹ್ನಕ್ಕೆ, ಒಂದೇ ಅಂಕಿಗೆ ಕಾಯ್ತಾರೆ. ಲೋಕವೆಲ್ಲ ಕ್ಯಾಮೆರಾ ತಿರುಗಿಸಿ ಕೂತ ದಿನ ಯಾವ ಕೋರ್ಟೂ ಎಚ್ಚರ ತಪ್ಪಲ್ಲ. ಮೊದಲ ರಾತ್ರಿಯ ಪತ್ರಿಕಾ ಪ್ರಕಟಣೆ, ಮೇ ತಿಂಗಳ ಆದೇಶ, ಜುಲೈ ಪತ್ರ, ಸೆಪ್ಟೆಂಬರಿನ ಅಪೀಲು, ಇವುಗಳಿಗೆ ಕಾಯೋರು ಬೇಕು.

ಮಗಳು: ಒಪ್ತೀನಿ, ಆದ್ರೆ ಪೂರ್ತಿ ಅಲ್ಲ. ಆ ಮಧ್ಯಾಹ್ನ ಕಾದ ಜನರಲ್ಲಿ ಮಕ್ಕಳನ್ನ ಪೊಲೀಸ್ ಗುಂಡಿಗೆ ಕಳ್ಕೊಂಡ ತಾಯಂದಿರಿದ್ದಾರೆ. ಅವರ ಕೇಸಲ್ಲಿ ಆರೋಪಪಟ್ಟಿಯೇ ಹಾಕಿಲ್ಲ. ಬೇರೆಯವರ ಕೇಸಿನ ಅಂಕಿಯಾದ್ರೂ ಕಿವಿಯಾರೆ ಕೇಳೋಣ ಅಂತ ಬಂದವರು. ಅಪೀಲಿನ ಆದೇಶ ಓದಿ ಅಂತ ಅವರಿಗೆ ಹೇಳೋಕೆ ನನಗೆ ಬಾಯಿ ಬರಲ್ಲ.

ದೊಡ್ಡಪ್ಪ: ಬೇಡ. ಅವರು ಓದೋದು ಬೇಡ. ನಾವು ಓದೋಣ, ನಮಗೆ ಬಿಡುವಿದೆ. ಉಳಿದ ಮೂವರ ಕೇಸು ಯಾವಾಗ?

ಮಗಳು: ಮುಂದಿನ ವರ್ಷ. ಕೇಂದ್ರ ಸರ್ಕಾರದ ಕೇಸೂ ಇದೆ, ರಾಜ್ಯದ್ದೂ ಇದೆ. ಕ್ಯೂಂಗ್ ಬೆನ್ನು ಒತ್ತಿ ಹಿಡಿದಿದ್ದ, ಲೇನ್ ಕಾಲು ಹಿಡಿದಿದ್ದ, ಥಾವ್ ಜನರನ್ನ ಹತ್ತಿರ ಬರದ ಹಾಗೆ ತಡೀತಿದ್ದ. ಲೇನ್ ಎರಡು ಸಲ ಕೇಳಿದ್ದಾನೆ, ಮಗ್ಗುಲಿಗೆ ಹೊರಳಿಸೋಣವಾ ಅಂತ. ಶೋವಿನ್ ಬೇಡ ಅಂದ. ಆಮೇಲೆ ಸುಮ್ಮನಾದ.

ದೊಡ್ಡಪ್ಪ: ನನಗೆ ಆ ಕೇಸೇ ದೊಡ್ಡದು ಅನ್ಸುತ್ತೆ. ಮಂಡಿ ಊರಿದವನು ಸಿಕ್ಕಿಬಿದ್ದ, ಅವನಂಥವರು ಎಲ್ಲೋ ಒಬ್ಬರು ಇರ್ತಾರೆ. ಪಕ್ಕದಲ್ಲಿ ನಿಂತು ಸುಮ್ಮನಾಗೋರು ಪ್ರತಿ ಠಾಣೆಯಲ್ಲೂ ಇರ್ತಾರೆ. ಫುಟ್‌ಪಾತಿನ ಮೇಲಿದ್ದವರು, ಕೈಯಲ್ಲಿ ಅಧಿಕಾರ ಇಲ್ಲದವರು, ಮಕ್ಕಳು, ಬಿಡು ಬಿಡು ಅಂತ ಕೂಗಿದ್ರು. ತಡೆಯೋ ಕರ್ತವ್ಯ ಇದ್ದವರು ತಡೀಲಿಲ್ಲ. ಅದಕ್ಕೆ ಕಾನೂನು ಎಷ್ಟು ಬೆಲೆ ಕಟ್ಟುತ್ತೆ ಅನ್ನೋದನ್ನ ನಾಳೆ ಕೆಲಸಕ್ಕೆ ಸೇರೋ ಪ್ರತಿ ಹೊಸ ಪೊಲೀಸೂ ಓದ್ತಾನೆ.

ಮಗಳು: ಆಫೀಸಲ್ಲಿ ಅವರಿಗೆ ಎಷ್ಟು ವರ್ಷ ಅಂತ ಇನ್ನೂ ಯಾರೂ ಲೆಕ್ಕ ಹಾಕ್ತಿಲ್ಲ.

ದೊಡ್ಡಪ್ಪ: ಲೆಕ್ಕ ಹಾಕೋದು ಬೇಡ. ಆರೋಪಪಟ್ಟಿ ಕಳಿಸು, ಮೊದಲು ಅದನ್ನ ಓದ್ತೀನಿ. ತಡೆಯಲಿಲ್ಲ ಅಂತ ಯಾರ ಮೇಲೆ ಹಾಕಿದ್ದಾರೆ, ಶುಶ್ರೂಷೆ ಕೊಡಲಿಲ್ಲ ಅಂತ ಯಾರ ಮೇಲೆ ಹಾಕಿದ್ದಾರೆ, ಬೇರೆ ಬೇರೆ ಇರ್ಬೇಕು ನೋಡು.

ಮಗಳು: ತಡೆಯದ ಆರೋಪ ಕ್ಯೂಂಗ್ ಮತ್ತು ಥಾವ್ ಮೇಲೆ ಮಾತ್ರ. ಶುಶ್ರೂಷೆಯದ್ದು ಮೂವರ ಮೇಲೂ ಇದೆ. ಲೇನ್‌ಗೆ ಮೊದಲನೆಯದು ಯಾಕಿಲ್ಲ ಅಂದ್ರೆ, ಆ ಎರಡು ಸಲ ಕೇಳಿದ ಪ್ರಶ್ನೆಯೇ ಕಾರಣ ಇರ್ಬೇಕು.

ದೊಡ್ಡಪ್ಪ: ನೋಡಿದೆಯಾ, ಆಗಲೇ ಓದೋಕೆ ಶುರು ಮಾಡಿದ್ದೀಯ. ಮೂರನೇ ಸಲ ಯಾಕೆ ಕೇಳಲಿಲ್ಲ ಅನ್ನೋದನ್ನ ಸರ್ಕಾರಿ ವಕೀಲರು ಕೇಳ್ತಾರಾ, ಇಲ್ವಾ? ಆ ದಿನ ನಾನೂ ಎದ್ದಿರ್ತೀನಿ, ಫೋನ್ ಮಾಡು.